31ರ ರಾತ್ರಿಯ ಡಬ್ಬಿ: ಚಾಕೊಲೇಟಾ, ಗಮ್ಮಿಯಾ, ಕ್ಯಾಂಡಿ ಕಾರ್ನಾ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಕ್ಯಾಂಡಿ ಕಾರ್ನ್‌ಗೆ, ಅಂದರೆ ಜೋಳದ ಕಾಳಿನ ಆಕಾರದ ಮಿಠಾಯಿಗೆ. ಇಲ್ಲಿ ಅಮೆರಿಕದಲ್ಲಿ ಅಕ್ಟೋಬರ್ 31ರ ದೆವ್ವದ ಹಬ್ಬ ಹ್ಯಾಲೋವೀನ್ ಬಂತೆಂದರೆ ಅರ್ಧ ಜನ ಅದನ್ನು ಗೇಲಿ ಮಾಡುತ್ತಾರೆ. ಮೇಣದಬತ್ತಿ ಅಗಿದ ಹಾಗಿರುತ್ತೆ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ, ನಾಲ್ಕು ಚೀಲ ಚಾಕೊಲೇಟ್ ಹಾಳು ಮಾಡಿಕೊಳ್ಳುವ ತನಕ.

ನಮ್ಮ ಮನೆಯಲ್ಲಿ ಹ್ಯಾಲೋವೀನ್ ಅಕ್ಟೋಬರ್‌ಗೆ ಮುಗಿಯುವುದಿಲ್ಲ. 31ನೇ ತಾರೀಖು ಇರುವ ಪ್ರತಿ ತಿಂಗಳೂ, ಅಂದರೆ ವರ್ಷಕ್ಕೆ 7 ಸಲ, ರಾತ್ರಿ ದೀಪ ಆರಿಸಿ ಕೂರುತ್ತೇವೆ. ಒಂದು ಸಲ ದೆವ್ವದ ಸಿನಿಮಾ, ಇನ್ನೊಂದು ಸಲ ಹಳೇ ರೇಡಿಯೋ ನಾಟಕ. ಮಧ್ಯದಲ್ಲಿ ಒಂದು ಡಬ್ಬಿ ತಿಂಡಿ. ಆ ಡಬ್ಬಿ ತುಂಬುವುದು ನವೆಂಬರ್ 1ರ ಸರಕಿನಿಂದ. ಅವತ್ತು ಅಂಗಡಿಯವರಿಗೆ ಕುಂಬಳಕಾಯಿ ಚಿತ್ರ ಇರುವ ಚೀಲ ಯಾವುದೂ ಬೇಡ, ಅರ್ಧ ಬೆಲೆಗೆ ಕೊಟ್ಟುಬಿಡುತ್ತಾರೆ. ಹಾಗಾಗಿ ಯಾವುದು ಜಾಸ್ತಿ ರುಚಿ ಅನ್ನುವುದಕ್ಕಿಂತ ಯಾವುದು ಬೇಸಿಗೆ ತನಕ ಕೆಡದೆ ಇರುತ್ತೆ, ಕತ್ತಲಲ್ಲಿ ಕೂತು ತಿನ್ನಲು ಯಾವುದು ಒಗ್ಗುತ್ತೆ ಅನ್ನುವುದೇ ನನಗೆ ಮುಖ್ಯ.

ರುಚಿ ಒಂದನ್ನೇ ನೋಡಿದರೆ ಚಾಕೊಲೇಟ್ ಗೆಲ್ಲುತ್ತೆ, ಅದರಲ್ಲಿ ವಾದವೇ ಇಲ್ಲ. ಚೀಲಕ್ಕೆ 6 ಡಾಲರ್‌ನಂತೆ ನಾಲ್ಕು ತಂದು ಗ್ಯಾರೇಜಿನ ಕಪಾಟಿನಲ್ಲಿಟ್ಟೆ. ಡಿಸೆಂಬರ್, ಜನವರಿ, ಮಾರ್ಚ್ ಚೆನ್ನಾಗಿಯೇ ಕಳೆಯಿತು. ಮೇ 31ಕ್ಕೆ ಅಣ್ಣ, ಅತ್ತಿಗೆ ಬಂದಿದ್ದರು. ಅತ್ತಿಗೆ ಒಂದು ಬಿಚ್ಚಿ, ಮೊಬೈಲ್ ಬೆಳಕಿನಲ್ಲಿ ನೋಡಿ, "ಏನೇ ಇದು, ಬೂಷ್ಟು ಬಂದಿರೋದನ್ನ ತಿನ್ನೋಕೆ ಕೊಡ್ತೀಯಲ್ಲ" ಅಂದರು. ನಿಜಕ್ಕೂ ಬೂದಿ ಬಳಿದ ಹಾಗೆ ಬೆಳ್ಳಗಾಗಿತ್ತು. ಅವತ್ತಿನ ಸಿನಿಮಾಕ್ಕಿಂತ ಜಾಸ್ತಿ ಹೆದರಿಸಿದ್ದು ಅದೇ.

ಬೂಷ್ಟಲ್ಲ ಅಂತ ಆಮೇಲೆ ಗೊತ್ತಾಯಿತು. ಕೋಕೋ ಬೆಣ್ಣೆ ಪೂರ್ತಿ ಕರಗುವುದು ಹತ್ತಿರ ಹತ್ತಿರ 34 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಅದಕ್ಕಿಂತ ಕಡಿಮೆ ಸೆಕೆಯಲ್ಲೇ ಸ್ವಲ್ಪ ಕೊಬ್ಬು ಸಡಿಲವಾಗಿ ಮೇಲಕ್ಕೆ ಬರುತ್ತೆ, ತಣ್ಣಗಾದಾಗ ಮೇಲ್ಮೈಯಲ್ಲೇ ಬೇರೆ ಬಗೆಯ ಹರಳಾಗಿ ಕೂರುತ್ತೆ. ಆ ಬಿಳಿ ಪದರ ಅದೇ. ಒಳಗೆ ಕಡಲೆಬೀಜದ ಪೇಸ್ಟ್ ಇರುವ ಚಾಕೊಲೇಟಿನ ಕತೆ ಇನ್ನೂ ಬೇಗ ಮುಗಿಯುತ್ತೆ. ಕಾಳಿನ ಎಣ್ಣೆಯೂ ಹೊರಗೆ ಜಿನುಗುತ್ತಲ್ಲ. ತಿಂದರೆ ಏನೂ ಆಗಲ್ಲ, ಆದರೆ ಬಾಯಲ್ಲಿ ಸುಣ್ಣದ ಪುಡಿ ಇಟ್ಟ ಹಾಗಿರುತ್ತೆ.

ಬುದ್ಧಿವಂತಿಕೆ ಮಾಡಿ ಉಳಿದ ಎರಡು ಚೀಲವನ್ನು ಫ್ರಿಜ್‌ಗೆ ಹಾಕಿದೆ. ಜುಲೈ ಹೊತ್ತಿಗೆ ಅವೂ ಬಿಳಿ! ಈ ಸಲ ಕಾರಣ ಬೇರೆ. ತಣ್ಣಗಿನ ಚಾಕೊಲೇಟನ್ನು ಬೆಚ್ಚಗಿನ ಕೋಣೆಯಲ್ಲಿ ಬಿಚ್ಚಿದರೆ ಮೇಲೆ ನೀರಿನ ಹನಿ ಕೂರುತ್ತೆ. ಆ ನೀರಿಗೆ ಸಕ್ಕರೆ ಕರಗುತ್ತೆ, ನೀರು ಆರಿದ ಮೇಲೆ ಸಕ್ಕರೆ ತರಿತರಿಯಾಗಿ ಉಳಿಯುತ್ತೆ. ನಾನು ವಾರಕ್ಕೆರಡು ಸಲ ಚೀಲ ಹೊರಗೆ ತೆಗೆದು, ಒಂದು ಬಾಯಿಗೆ ಹಾಕಿ, ಮತ್ತೆ ಒಳಗಿಡುತ್ತಿದ್ದೆ. ಇನ್ನೇನಾಗುತ್ತೆ? ಬಿಳಿಯ ಮೇಲೆ ಬೆರಳು ಉಜ್ಜಿ ನೋಡಿ. ನುಣ್ಣಗೆ ಮಾಯವಾದರೆ ಕೊಬ್ಬು, ಒರಟಾಗಿ ಹಾಗೇ ಉಳಿದರೆ ಸಕ್ಕರೆ. ಫ್ರಿಜ್‌ನಲ್ಲಿ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಹೊರಗೆ ತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬಾರದು. ಅಷ್ಟು ತಾಳ್ಮೆ ನನಗಿಲ್ಲ.

ಚಾಕೊಲೇಟಿನ ಇನ್ನೊಂದು ತೊಂದರೆ ರ‍್ಯಾಪರ್. 1938ರ ಅಕ್ಟೋಬರ್ 30ರಂದು ಸಿಬಿಎಸ್ ರೇಡಿಯೋದಲ್ಲಿ ಆರ್ಸನ್ ವೆಲ್ಸ್ ಮಾಡಿದ ಮಂಗಳ ಗ್ರಹದವರ ದಾಳಿಯ ನಾಟಕ ಗೊತ್ತಲ್ವಾ? ಸುದ್ದಿ ಪ್ರಸಾರದ ಧಾಟಿಯಲ್ಲಿ ಮಾಡಿ ಕೇಳುಗರಲ್ಲಿ ಕೆಲವರನ್ನು ನಿಜವಾಗಲೂ ನಂಬಿಸಿದ್ದು. ಅದರಲ್ಲಿ ವರದಿಗಾರ ಮಾತಾಡುತ್ತಿರುವಾಗಲೇ ಪ್ರಸಾರ ಕಡಿದುಹೋಗುತ್ತೆ. ಆಮೇಲೆ ಕೆಲವು ಸೆಕೆಂಡ್ ಬರೀ ಮೌನ. ಇಡೀ ನಾಟಕದಲ್ಲಿ ಮೈ ಜುಂ ಅನ್ನಿಸುವ ಜಾಗ ಅದೇ. ಸರಿಯಾಗಿ ಅಲ್ಲೇ ನಮ್ಮಣ್ಣ ಪರಪರ ಅಂತ ಚಾಕೊಲೇಟ್ ಬಿಚ್ಚಿದ. ಸಿನಿಮಾಕ್ಕೆ ನಡೆಯುತ್ತೆ, ಕಿರುಚಾಟದಲ್ಲಿ ಮುಚ್ಚಿಹೋಗುತ್ತೆ. ರೇಡಿಯೋಗೆ ಮಾತ್ರ ಆಗಲ್ಲ. (ನನ್ನ ಕೇಳಿದರೆ ಹೆದರಲು ರೇಡಿಯೋವೇ ಸರಿ. ದೆವ್ವ ಕಣ್ಣಿಗೆ ಕಂಡರೆ ಮೇಕಪ್ ನೋಡುತ್ತಾ ಕೂರುತ್ತೇನೆ.)

ಗಮ್ಮಿ ಅಂದರೆ ರಬ್ಬರಿನಂತೆ ಅಗಿಯುವ ಮೆತ್ತಗಿನ ಮಿಠಾಯಿ. ಅದರಲ್ಲಿ ಹುಳ, ಹಲ್ಲು, ಕಣ್ಣುಗುಡ್ಡೆ ಅಂತ ಆಕಾರಕ್ಕೇನೂ ಕೊರತೆಯಿಲ್ಲ. ಮಕ್ಕಳಿಗೆ ಬಹಳ ಇಷ್ಟ. ಆದರೆ ಚೀಲ ಒಡೆದು ಒಂದು ತಿಂಗಳಿಟ್ಟರೆ ಚಪ್ಪಲಿ ಅಗಿದ ಹಾಗೆ. ಸೆಕೆಗೆ ಸಿಕ್ಕರೆ ಹತ್ತು ಕಣ್ಣುಗುಡ್ಡೆ ಸೇರಿ ಒಂದೇ ಉಂಡೆ.

ಲಾಲಿಪಾಪ್ ಯಾವ ಕಾಲಕ್ಕೂ ಕೆಡಲ್ಲ, ಯಾರೂ ತಿನ್ನುವುದೂ ಇಲ್ಲ.

ಇನ್ನು ನನ್ನ ಕ್ಯಾಂಡಿ ಕಾರ್ನ್. 1880ರ ದಶಕದಿಂದ ಇರುವ ಮಿಠಾಯಿ ಇದು. ಹಿಂದೆ 'ಚಿಕನ್ ಫೀಡ್' ಅನ್ನುವ ಹೆಸರಲ್ಲೂ ಮಾರುತ್ತಿದ್ದರು, ಡಬ್ಬಿಯ ಮೇಲೆ ಹುಂಜದ ಚಿತ್ರ. ಕೋಳಿಗೆ ಹಾಕುವ ಕಾಳು ಅಂತ ಹೇಳಿ ಮಿಠಾಯಿ ಮಾರಿದವರ ಧೈರ್ಯ ಮೆಚ್ಚಬೇಕು. ಮೆಕ್ಕೆಜೋಳದ ಪಿಷ್ಟದಲ್ಲಿ ಒತ್ತಿದ ಅಚ್ಚಿಗೆ ಬಿಳಿ, ಕಿತ್ತಳೆ, ಹಳದಿ ಪಾಕವನ್ನು ಒಂದರ ಮೇಲೊಂದು ಹುಯ್ದು ಮಾಡುತ್ತಾರೆ. ಒಂದೊಂದಕ್ಕೆ ರ‍್ಯಾಪರ್ ಇಲ್ಲ, ಹಾಗಾಗಿ ಸದ್ದೂ ಇಲ್ಲ. ಕೋಕೋ ಬೆಣ್ಣೆ ಇಲ್ಲ, ಬಿಳಿಚಿಕೊಳ್ಳುವುದೂ ಇಲ್ಲ. ಒಡೆಯದ ಚೀಲ ಸುಮಾರು 9 ತಿಂಗಳು ಇರುತ್ತೆ. ನವೆಂಬರ್‌ನಲ್ಲಿ ತಂದದ್ದು ಜುಲೈ 31ಕ್ಕೆ ಸರಿಯಾಗಿ ಮುಗಿಯುತ್ತೆ, ಬೇಸಿಗೆ ಕಳೆಯುವಷ್ಟರಲ್ಲಿ ಅಂಗಡಿಗೆ ಹೊಸದು ಬಂದಿರುತ್ತೆ.

ದೋಷ ಇಲ್ಲ ಅಂತಲ್ಲ. ವಿಪರೀತ ಸಿಹಿ. ಸುಮ್ನೆ ಬರೀ ಅದನ್ನೇ ತಿಂದರೆ ಐದನೆಯದಕ್ಕೆ ಗಂಟಲು ಕಟ್ಟುತ್ತೆ. ಉಪ್ಪು ಹಾಕಿ ಹುರಿದ ಕಡಲೆಬೀಜ ಅರ್ಧಕ್ಕರ್ಧ ಬೆರೆಸಿ, ಆಗ ಬೇರೆಯದೇ ತಿಂಡಿ. ಸಸ್ಯಾಹಾರಿಗಳು ಚೀಲದ ಹಿಂದೆ ಏನು ಬರೆದಿದೆ ಅಂತ ಓದಲೇಬೇಕು, ಬಹಳಷ್ಟರಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡುವ ಜೆಲಟಿನ್ ಇರುತ್ತೆ. ಇಲ್ಲದ್ದೂ ಸಿಗುತ್ತೆ, ಎರಡು ಅಂಗಡಿ ಜಾಸ್ತಿ ಸುತ್ತಬೇಕು ಅಷ್ಟೇ. ಮೇಲಿನ ಹೊಳಪಿಗೆ 'ಕನ್ಫೆಕ್ಷನರ್ಸ್ ಗ್ಲೇಜ್' ಅಂತ ಬರೆದಿದ್ದರೆ ಅದು ಅರಗು. ಹೌದು, ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯದ್ದೇ ಅರಗು. ಕೀಟದಿಂದ ಬರುವಂಥದ್ದು, ಬೇಡ ಅನ್ನುವವರಿಗೆ ಬೇಡ. ನಾನು ಅಲ್ಲಿಯ ತನಕ ಮಡಿ ಮಾಡುವವಳಲ್ಲ.

ಜೆಲಟಿನ್ ಇಲ್ಲದ್ದು ನನಗೆ ಚೀಲಕ್ಕೆ 4 ಡಾಲರ್ ಬೀಳುತ್ತೆ. ಮೂರು ಚೀಲ ಸಾಕು, ವರ್ಷದ ಲೆಕ್ಕ ಕಡಲೆಬೀಜ ಸೇರಿ 20 ಡಾಲರ್ ದಾಟಲ್ಲ. ಆ ನಾಲ್ಕು ಚೀಲ ಚಾಕೊಲೇಟಿಗೇ 24 ಡಾಲರ್ ಆಗಿತ್ತು. ನಿಮ್ಮದು ಸದಾ ತಂಪಾಗಿರುವ ಮನೆ, ಸಿನಿಮಾ ಮಾತ್ರ ನೋಡುತ್ತೀರಿ ಅಂದರೆ ಚಾಕೊಲೇಟನ್ನೇ ತನ್ನಿ. ಅಕ್ಟೋಬರ್ 31ರಂದು ಬಾಗಿಲಿಗೆ ಬರುವ ಮಕ್ಕಳಿಗೂ ಚಾಕೊಲೇಟೇ ಬೇಕು. ಬಿಡಿ ಕ್ಯಾಂಡಿ ಕಾರ್ನ್ ಹಿಡಿ ತುಂಬಾ ಕೊಟ್ಟರೆ ಅವರ ಅಪ್ಪ ಅಮ್ಮ ಮನೆಗೆ ಹೋಗಿ ಎಸೆಯುತ್ತಾರೆ.

ಅತ್ತಿಗೆ ಈಗಲೂ ಚಾಕೊಲೇಟ್ ಪಾರ್ಟಿ. ಬರುವಾಗ ತಮ್ಮ ಪಾಲು ತಾವೇ ತರುತ್ತಾರೆ. ರೇಡಿಯೋ ರಾತ್ರಿಯಾದರೆ ಅಡುಗೆಮನೆಯಲ್ಲೇ ಎಲ್ಲಾ ಬಿಚ್ಚಿ, ತಟ್ಟೆಗೆ ಹಾಕಿಕೊಂಡು ಒಳಗೆ ಬರಬೇಕು.