ಹೇಡ್ರಿಯನ್ ಗೋಡೆಗೆ ಒಂದೇ ದಿನ ಇದ್ರೆ: ಹೌಸ್‌ಸ್ಟೆಡ್ಸಾ, ಚೆಸ್ಟರ್ಸಾ, ವಿಂಡೊಲಾಂಡಾನಾ?

ಇಂಗ್ಲೆಂಡಿನ ಉತ್ತರದಲ್ಲಿ ರೋಮನ್ನರು ತಮ್ಮ ಗಡಿಗೆ ಕಟ್ಟಿದ ಗೋಡೆ ಇದು, ಮೇಲೆ ಹೇಳಿದ ಮೂರೂ ಅಲ್ಲಿನ ರೋಮನ್ ಕೋಟೆಗಳು. ಗೋಡೆ ಏನೋ ಸುಮಾರು 117 ಕಿ.ಮೀ. ಉದ್ದ, ಕ್ರಿ.ಶ. 122ರಲ್ಲಿ ಕಟ್ಟೋಕೆ ಶುರು ಮಾಡಿದ್ದು, ಆದ್ರೆ ಎಲ್ಲಾ ಕಡೆ ಉಳಿದಿಲ್ಲ, ಎಷ್ಟೋ ಕಲ್ಲು ಸುತ್ತಮುತ್ತಲ ಮನೆಗೆ, ಚರ್ಚಿಗೆ, ರೋಡಿಗೆ ಹೋಗ್ಬಿಟ್ಟಿದೆ. ಹಾಗಾಗಿ ಎಲ್ಲಿ ಇಳಿತೀರಾ ಅನ್ನೋದು ಮುಖ್ಯ.

ಗೋಡೆನೇ ನೋಡ್ಬೇಕು ಅಂದ್ರೆ ಹೌಸ್‌ಸ್ಟೆಡ್ಸ್, ಎರಡು ಮಾತಿಲ್ಲ. ಕೋಟೆ ಗುಡ್ಡದ ನೆತ್ತಿ ಮೇಲಿದೆ, ಗೋಡೆ ಬಂದು ಕೋಟೆಗೇ ಸೇರ್ಕೊಳ್ಳುತ್ತೆ, ಪಕ್ಕದಲ್ಲೇ ನಡ್ಕೊಂಡು ಹೋಗ್ಬೋದು. ಕೆಳಗಿನ ಮೂಲೆಲಿ ಸೈನಿಕರ ಕಕ್ಕಸು ಇದೆ, ನಗ್ಬೇಡಿ, ಅದೇ ಅಲ್ಲಿ ನಂಗೆ ಫೇವರಿಟ್ಟು: ಸುತ್ತ ಆಳದ ಚರಂಡಿ, ಮುಂದೆ ತೊಳ್ಕೊಳ್ಳೋಕೆ ಸಣ್ಣ ಕಾಲುವೆ, ಪಕ್ಕದಲ್ಲಿ ಮಳೆನೀರಿನ ತೊಟ್ಟಿ. ಆದ್ರೆ ಕಾರ್ ಪಾರ್ಕಿಂದ ಏರು ಹತ್ಬೇಕು, ಮೇಲೆ ಗಾಳಿ ಅಂದ್ರೆ ಗಾಳಿ, ಛತ್ರಿ ಗಿತ್ರಿ ನಿಲ್ಲಲ್ಲ.

ಅಪ್ಪ ಅಮ್ಮನ್ನ ಕರ್ಕೊಂಡು ಹೋಗೋದಾದ್ರೆ ಚೆಸ್ಟರ್ಸ್. ನಾರ್ತ್ ಟೈನ್ ಹೊಳೆ ದಂಡೆ, ಸಮತಟ್ಟು ಜಾಗ, ಕುದುರೆ ದಂಡಿನ ಕೋಟೆ. ಅಲ್ಲಿನ ಸ್ನಾನದ ಮನೆ ಗೋಡೆಗಳು ಆಳೆತ್ತರಕ್ಕಿಂತ ಮೇಲೆ ಇನ್ನೂ ನಿಂತಿವೆ, ಬಟ್ಟೆ ಬಿಚ್ಚೋ ರೂಮಲ್ಲಿ ಸಾಲಾಗಿ ಏಳು ಗೂಡು. ನೆಮ್ಮದಿ ಜಾಗ, ಆದ್ರೆ ಗಡಿ ಅನ್ನೋ ಫೀಲ್ ಬರಲ್ಲ.

ವಿಂಡೊಲಾಂಡದಲ್ಲಿ ಗೋಡೆನೇ ಇಲ್ಲ! ಗೋಡೆಗಿಂತ ಹಳೇ ಕೋಟೆ, ಒಂದು ಮೈಲಿ ದಕ್ಷಿಣಕ್ಕೆ. ಆದ್ರೂ ನನ್ನ ಓಟು ಇದಕ್ಕೇ. ಗಾಳಿ ಆಡದ ಒದ್ದೆ ಮಣ್ಣಲ್ಲಿ ಚರ್ಮ, ಮರ ಎಲ್ಲಾ ಕೊಳೀದೆ ಉಳಿದಿದೆ, ಮ್ಯೂಸಿಯಮ್ಮಲ್ಲಿ ಮಕ್ಕಳ ಚಪ್ಪಲಿಯಿಂದ ಹಿಡಿದು ಬೂಟಿನವರೆಗೆ ಸಾಲು ಸಾಲು. 1973ರಲ್ಲಿ ತೆಳು ಮರದ ಹಾಳೆ ಮೇಲೆ ಶಾಯಿಲಿ ಬರೆದ ಪತ್ರಗಳು ಸಿಕ್ಕಿದ್ವು, ಒಂದ್ರಲ್ಲಿ ಯಾರೋ ಸೈನಿಕನಿಗೆ ಸಾಕ್ಸು, ಎರಡು ಒಳಚಡ್ಡಿ ಕಳ್ಸಿದೀನಿ ಅಂತಿದೆ, ಇನ್ನೊಂದ್ರಲ್ಲಿ ಕ್ಲಾಡಿಯಾ ಸೆವೆರಾ ಅನ್ನೋಳು ಗೆಳತಿ ಲೆಪಿಡಿನಾಳನ್ನ ಹುಟ್ಟುಹಬ್ಬಕ್ಕೆ ಬಾರೇ ಅಂತ ಕರೆದಿದಾಳೆ. ಹೆಚ್ಚಿನ ಹಾಳೆಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಲ್ಲಿವೆ, ಇಲ್ಲಿರೋದು ಕೆಲವೇ, ಅದೊಂದು ಬೇಜಾರು. ಬೇಸಿಗೆಲಿ ಹೋದ್ರೆ ಮಣ್ಣು ಅಗೀತಿರೋದನ್ನ ಪಕ್ಕದಲ್ಲೇ ನಿಂತು ನೋಡ್ಬೋದು.

ಇಂಗ್ಲಿಷ್ ಹೆರಿಟೇಜ್ (ಹಳೇ ಸ್ಮಾರಕ ನೋಡ್ಕೊಳ್ಳೋ ಸಂಸ್ಥೆ) ಮೆಂಬರ್ ಕಾರ್ಡ್ ಇದ್ರೆ ಮೊದಲೆರಡಕ್ಕೆ ನಡಿಯುತ್ತೆ, ವಿಂಡೊಲಾಂಡ ಬೇರೆ ಟ್ರಸ್ಟಿಂದು, ಟಿಕೆಟ್ ತಗೋಬೇಕು. ಕಾರಿಲ್ದೋರಿಗೆ ಎಡಿ122 ಅನ್ನೋ ಬಸ್ಸಿದೆ, ಟೈಮಿಂಗ್ ಮಾತ್ರ ಹೊರಡೋ ಮುಂಚೆನೇ ನೋಡ್ಕೊಳ್ಳಿ.