ಮಾಸ್ಟೊಡಾನ್ ಜೊತೆ ಮೂರು ಮಳೆಗಾಲ

2022ರ ನವೆಂಬರ್‌ನಲ್ಲಿ ಟ್ವಿಟರ್ ಥರದ್ದೇ ಸಾಮಾಜಿಕ ಜಾಲವಾದ ಮಾಸ್ಟೊಡಾನ್‌ನಲ್ಲಿ ಖಾತೆ ತೆರೆದೆ. ಆಗಷ್ಟೇ ಟ್ವಿಟರ್ ಎಲಾನ್ ಮಸ್ಕ್ ಕೈಗೆ ಹೋಗಿತ್ತು, ತುಂಬ ಜನ ಹೊಸ ಜಾಗ ಹುಡುಕುತ್ತಿದ್ದರು. ನನ್ನ ಕಾರಣ ಬೇರೆ ಇತ್ತು.

ನಾನು ಉಡುಪಿಯವನು. ಯಕ್ಷಗಾನದವರು ವೇಷ ಕಟ್ಟುವ ಕೋಣೆಯ, ಅಂದರೆ ಚೌಕಿಯ ಫೋಟೊ ತೆಗೆಯುತ್ತೇನೆ. ರಂಗಸ್ಥಳದ ಫೋಟೊ ಎಲ್ಲರೂ ತೆಗೆಯುತ್ತಾರೆ, ನನಗೆ ಒಳಗಿನದ್ದೇ ಇಷ್ಟ. ರಾಕ್ಷಸ ಪಾತ್ರದ ಬಣ್ಣದ ವೇಷದವರು ಕನ್ನಡಿ ಮುಂದೆ ಕೂತು ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳಿನಂಥ ಚುಟ್ಟಿ ಇಡುವುದನ್ನು ನೋಡಿದ್ದೀರಾ? ಒಂದೊಂದೇ ಚುಕ್ಕೆ. ಗಂಟೆಗಟ್ಟಲೆ ಕೈ ನಡುಗುವುದಿಲ್ಲ. ಅಂಥ ಎಂಟು ವರ್ಷದ ಫೋಟೊಗಳನ್ನು ಒಂದು ದೊಡ್ಡ ಜಾಲತಾಣದಲ್ಲಿ ಹಾಕಿದ್ದೆ. ಹೆಸರು ಬೇಡ.

ಒಂದು ಬೆಳಿಗ್ಗೆ ನೋಡಿದರೆ ಖಾತೆಗೆ ಬೀಗ. ನಿಯಮ ಮೀರಿದ್ದೀರಿ ಅಂತ ಒಂದೇ ಸಾಲು. ಯಾವ ನಿಯಮ, ಯಾವ ಫೋಟೊ, ಏನೂ ಹೇಳಲಿಲ್ಲ. ಐದು ಸಲ ಮನವಿ ಕಳಿಸಿದೆ. ಐದು ಸಲವೂ ಅದೇ ಉತ್ತರ, ಒಂದಕ್ಷರ ಆಚೀಚೆ ಇಲ್ಲ. ಫೋಟೊಗಳಲ್ಲಿ ಅರ್ಧದಷ್ಟು ಮನೆಯ ಹಾರ್ಡ್ ಡಿಸ್ಕ್‌ನಲ್ಲಿತ್ತು. ಆದರೆ ಅವುಗಳ ಕೆಳಗೆ ಕಲಾವಿದರು, ಅವರ ಮಕ್ಕಳು ಬರೆದ ಮಾತುಗಳಿದ್ದವು. "ಇದು ನಮ್ಮ ಅಪ್ಪನ ಕೊನೆಯ ವೇಷ" ಅಂತ ಒಬ್ಬರು ಬರೆದಿದ್ದರು. ಅದೆಲ್ಲ ಹೋಯಿತು. ಬರೆದವರಲ್ಲಿ ಇಬ್ಬರು ಈಗ ಇಲ್ಲ.

ನಮ್ಮ ಊರಿನವರಿಗೆ ಇದನ್ನು ಪಿಗ್ಮಿ ಉದಾಹರಣೆಯಲ್ಲೇ ಹೇಳಬೇಕು. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಉಡುಪಿಯ ಸಂಸ್ಥೆ, ಮನೆ ಬಾಗಿಲಿಗೆ ಜನ ಕಳಿಸಿ ದಿನಕ್ಕೆ ಎರಡಾಣೆಯಂತೆ ಉಳಿತಾಯ ಸಂಗ್ರಹಿಸಲು ಶುರುಮಾಡಿತು. ಅದೇ ಪಿಗ್ಮಿ. ನನ್ನ ಅಮ್ಮನೂ ಪಿಗ್ಮಿ ಕಟ್ಟುತ್ತಿದ್ದರು. ಜಾಲತಾಣವೂ ದಿನಾ ಚೂರು ಚೂರೇ ತೆಗೆದುಕೊಳ್ಳುತ್ತದೆ. ಇವತ್ತು ಒಂದು ಫೋಟೊ, ನಾಳೆ ನಾವಿರುವ ಜಾಗ, ನಾಡಿದ್ದು ನಮ್ಮ ಗೆಳೆಯರ ಪಟ್ಟಿ. ಆದರೆ ಪಿಗ್ಮಿ ಪುಸ್ತಕ ಅಮ್ಮನ ಹತ್ತಿರವೇ ಇರುತ್ತಿತ್ತು. ಎಷ್ಟು ಕಟ್ಟಿದ್ದಾರೆ ಅಂತ ಅದರಲ್ಲಿ ಬರೆದಿರುತ್ತಿತ್ತು. ಸಾಕು ಅಂದರೆ ಹಣ ವಾಪಸ್ ಬರುತ್ತಿತ್ತು. ನನ್ನ ಎಂಟು ವರ್ಷಕ್ಕೆ ಅಂಥ ಪುಸ್ತಕ ಇರಲಿಲ್ಲ. ಹೊಸ ಜಾಗ ಹುಡುಕುವಾಗ ನಾನು ಕೇಳಿಕೊಂಡದ್ದು ಇದೊಂದೇ: ಇಲ್ಲಿ ಪುಸ್ತಕ ಯಾರ ಕೈಯಲ್ಲಿರುತ್ತದೆ?

ಮಾಸ್ಟೊಡಾನ್ ಅನ್ನು 2016ರಲ್ಲಿ ಜರ್ಮನಿಯಲ್ಲಿ ಯೂಜೆನ್ ರೋಖ್ಕೊ ಶುರುಮಾಡಿದರು. ಇದು ಒಂದೇ ಜಾಲತಾಣ ಅಲ್ಲ. ಯಾರು ಬೇಕಾದರೂ ತಮ್ಮದೇ ಸರ್ವರ್, ಅಂದರೆ ಖಾತೆ, ಪೋಸ್ಟ್‌ಗಳನ್ನು ಇಡುವ ಕಂಪ್ಯೂಟರ್, ಹಾಕಿಕೊಳ್ಳಬಹುದು, ಆ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುತ್ತದಲ್ವಾ, ಹಾಗೆ. ಆಕ್ಟಿವಿಟಿಪಬ್ ಎಂಬ ನಿಯಮಾವಳಿ ಇದಕ್ಕೆ ಆಧಾರ, 2018ರಲ್ಲಿ ಅದಕ್ಕೆ ವೆಬ್‌ನ ಅಧಿಕೃತ ಮಾನದಂಡದ ಸ್ಥಾನ ಸಿಕ್ಕಿತು. ಜಾಹೀರಾತು ಇಲ್ಲ. ನಾವು ಹಿಂಬಾಲಿಸುವವರು ಬರೆದದ್ದು ಬರೆದ ಕ್ರಮದಲ್ಲೇ ಬರುತ್ತದೆ. ಖಾತೆ ತೆರೆಯುವಾಗ ನನ್ನ ಫೋನ್ ನಂಬರ್ ಯಾರೂ ಕೇಳಲಿಲ್ಲ, ಇಮೇಲ್ ಸಾಕಾಯಿತು. 2025ರ ನವೆಂಬರ್‌ನಲ್ಲಿ ರೋಖ್ಕೊ ಮುಖ್ಯಸ್ಥನ ಸ್ಥಾನ ಬಿಟ್ಟು, ಸಂಸ್ಥೆಯನ್ನು ಲಾಭರಹಿತ ಸಂಘಟನೆಗೆ ವಹಿಸುವುದಾಗಿ ಹೇಳಿದರು. ಅದನ್ನು ಓದಿದ ದಿನ ನನಗೆ ತುಂಬ ಸಮಾಧಾನ ಆಯಿತು.

ಮೊದಲ ಪೆಟ್ಟು ಬೇಗ ಬಿತ್ತು. ನಾನು ಸೇರಿದ ಸರ್ವರ್ ಅನ್ನು ಒಬ್ಬರೇ ನಡೆಸುತ್ತಿದ್ದರು. ಖರ್ಚು, ಕೆಲಸ ಎರಡೂ ತಡೆಯಲಾರದೆ ಮೂರು ತಿಂಗಳ ನೋಟಿಸ್ ಕೊಟ್ಟು ಮುಚ್ಚಿದರು. ಆದರೆ ಈ ಸಲ ನಾನು ಬೀದಿಗೆ ಬೀಳಲಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಹಳೆ ಖಾತೆಯಿಂದ ಹೊಸದಕ್ಕೆ ಸ್ಥಳಾಂತರ ಅಂತ ಕೊಟ್ಟೆ. ನನ್ನನ್ನು ಹಿಂಬಾಲಿಸುತ್ತಿದ್ದವರು ತಾವಾಗಿಯೇ ಹೊಸ ಖಾತೆಗೆ ಬಂದರು. ನಾನು ಹಿಂಬಾಲಿಸುವವರ ಪಟ್ಟಿಯನ್ನು ಒಂದು ಫೈಲ್‌ನಲ್ಲಿ ಇಳಿಸಿ ಇಲ್ಲಿ ಏರಿಸಿದೆ. ಆದರೆ ಹಳೆ ಪೋಸ್ಟ್‌ಗಳು ಬರುವುದಿಲ್ಲ. ಅವನ್ನು ಫೋಟೊ ಸಮೇತ ಇಳಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಬಹುದು, ಹೊಸ ಖಾತೆಗೆ ಏರಿಸಲು ಆಗುವುದಿಲ್ಲ. ಇದು ಮಾಸ್ಟೊಡಾನ್‌ನ ದೊಡ್ಡ ಕೊರತೆ. ಮೂರು ವರ್ಷದಿಂದ ಸರಿಹೋಗಲಿ ಅಂತ ಕಾಯುತ್ತಿದ್ದೇನೆ.

ಆಮೇಲೆ ನಾವು ನಾಲ್ವರು ಗೆಳೆಯರು ಸೇರಿ ನಮ್ಮದೇ ಸರ್ವರ್ ಹಾಕಿದೆವು. ಬಾಡಿಗೆ ತಿಂಗಳಿಗೆ ಸುಮಾರು 1,600 ರೂಪಾಯಿ, ತಲೆಗೆ 400. ಮಣಿಪಾಲದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಗೆಳೆಯ ಒಬ್ಬ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ. 2024ರ ಜುಲೈನಲ್ಲಿ ಜೋರು ಮಳೆಯ ಒಂದು ರಾತ್ರಿ ಸರ್ವರ್ ನಿಂತೇ ಹೋಯಿತು. ಡಿಸ್ಕ್ ಭರ್ತಿ. ನಮ್ಮ ಫೋಟೊಗಳಿಂದ ಅಲ್ಲ, ನಾವು ಹಿಂಬಾಲಿಸುವವರ ಫೋಟೊಗಳ ನಕಲು ಬಂದು ಬಂದು ತುಂಬಿದ್ದು. ಇಲ್ಲಿ ಕರೆಂಟ್ ಇರಲಿಲ್ಲ. ಅವನು ಫೋನ್ ಹಾಟ್‌ಸ್ಪಾಟ್ ಹಾಕಿ ಲ್ಯಾಪ್‌ಟಾಪ್ ಬ್ಯಾಟರಿ ಮುಗಿಯುವ ಮೊದಲು ಹಳೆ ನಕಲುಗಳನ್ನೆಲ್ಲ ಅಳಿಸಿದ. ಈಗ ವಾರಕ್ಕೊಮ್ಮೆ ತಾನಾಗಿಯೇ ಅಳಿಸುವ ಹಾಗೆ ಮಾಡಿದ್ದಾನೆ.

ಅದೇ ವಾರ ಅವನು ಇನ್ನೊಂದು ವಿಷಯ ತೋರಿಸಿದ. ಮಾಸ್ಟೊಡಾನ್‌ನಲ್ಲಿ ಒಬ್ಬರಿಗೇ ಅಂತ ಕಳಿಸುವ ಸಂದೇಶಕ್ಕೂ ಗೂಢಲಿಪಿಯ ಬೀಗ ಇಲ್ಲ.

"ಎಂತ ಮಾರಾಯ, ನಾನು ಬರೆದದ್ದೆಲ್ಲ ನಿನಗೆ ಕಾಣ್ತದಾ?" ಅಂತ ಕೇಳಿದೆ.

"ಕಾಣ್ಲಿಕ್ಕೆ ಆಗ್ತದೆ. ನಾನು ನೋಡುದಿಲ್ಲ, ಅಷ್ಟೆ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ನಾನು ಅವನನ್ನು ಇಪ್ಪತ್ತು ವರ್ಷದಿಂದ ಬಲ್ಲೆ, ಅದಕ್ಕೇ ನಂಬುತ್ತೇನೆ. ಗುರುತಿಲ್ಲದ ಸರ್ವರ್‌ನಲ್ಲಿ ಇರುವವರು ಇದನ್ನು ತಿಳಿದಿರಲೇಬೇಕು. ನಮ್ಮ ಸರ್ವರ್‌ನ ನಿಯಮದ ಪುಟದಲ್ಲಿ ಈಗ ಇದೇ ಮೊದಲ ಸಾಲು. ಗುಟ್ಟಿನ ಮಾತಿಗೆ ಸಿಗ್ನಲ್ ಆ್ಯಪ್ ಬಳಸಿ ಅಂತಲೂ ಬರೆದಿದ್ದೇವೆ.

ಇನ್ನೊಂದು ಘಟನೆ ನನ್ನ ತಪ್ಪಿನಿಂದಲೇ ಆದದ್ದು. ಒಬ್ಬ ಹಿರಿಯ ಕಲಾವಿದರ ಫೋಟೊ ಹಾಕಿದ್ದೆ. ಅರ್ಧ ಮುಖಕ್ಕೆ ಬಣ್ಣ, ಅರ್ಧ ಖಾಲಿ. ನನಗೆ ತುಂಬ ಇಷ್ಟವಾದ ಫೋಟೊ. ಅವರು ಫೋನ್ ಮಾಡಿ, ಅರೆಬಣ್ಣದಲ್ಲಿ ಜನ ನೋಡಬಾರದು, ತೆಗೆದುಬಿಡಿ ಅಂದರು. ತಕ್ಷಣ ಅಳಿಸಿದೆ. ನಮ್ಮ ಸರ್ವರ್‌ನಿಂದ ಹೋಯಿತು. ಅಳಿಸಿ ಎಂಬ ಸೂಚನೆ ಉಳಿದ ಸರ್ವರ್‌ಗಳಿಗೂ ಹೋಗುತ್ತದೆ, ಆದರೆ ಪಾಲಿಸುವುದು ಅವರವರಿಗೆ ಬಿಟ್ಟದ್ದು. ಒಂದು ಸರ್ವರ್‌ನಲ್ಲಿ ನಾಲ್ಕು ದಿನವಾದರೂ ಹಾಗೇ ಇತ್ತು. ಅದನ್ನು ನಡೆಸುವವರಿಗೆ ಬರೆದೆ. ಮರುದಿನ ತೆಗೆದು, ಕ್ಷಮಿಸಿ ಅಂತ ಉತ್ತರಿಸಿದರು. ಹಳೆ ಜಾಲತಾಣದಲ್ಲಿ ಐದು ಮನವಿಗೆ ಸಿಗದ ಮನುಷ್ಯರ ಉತ್ತರ ಇಲ್ಲಿ ಸಿಕ್ಕಿತು, ನಿಜ. ಆದರೆ ಆ ನಾಲ್ಕು ದಿನ ಕಲಾವಿದರ ಮುಖ ಅವರ ಕೈಯಲ್ಲೂ ಇರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ. ಅವರಿಗೆ ಮಾಸ್ಟೊಡಾನ್ ಖಾತೆಯೇ ಇಲ್ಲ. ಅವರು ಯಾವ ಷರತ್ತಿಗೂ ಒಪ್ಪಿಗೆ ಕೊಟ್ಟವರಲ್ಲ.

2018ರ ಕೇಂಬ್ರಿಡ್ಜ್ ಅನಲಿಟಿಕಾ ಹಗರಣ ನನಗೆ ಅರ್ಥವಾದದ್ದು ಆಗಲೇ. ಒಂದು ಆ್ಯಪ್ ಹಾಕಿಕೊಂಡವರ ಫೇಸ್‌ಬುಕ್ ಮಾಹಿತಿಯ ಜೊತೆ ಅವರ ಗೆಳೆಯರದ್ದೂ ಆ ಕಂಪನಿಯ ಕೈಸೇರಿತ್ತು. ಫೇಸ್‌ಬುಕ್ ಆಗ ಕೊಟ್ಟ ಲೆಕ್ಕದ ಪ್ರಕಾರ, ಆ ಆ್ಯಪ್ ಹಾಕಿಕೊಂಡವರು ಭಾರತದಲ್ಲಿ 335 ಮಂದಿ. ಅವರ ಗೆಳೆಯರ ಪಟ್ಟಿಯ ದಾರಿಯಲ್ಲಿ ಮಾಹಿತಿ ಸೋರಿರಬಹುದಾದವರು ಸುಮಾರು 5.62 ಲಕ್ಷ. ಒತ್ತಿದ್ದು ಒಬ್ಬರು, ಹೋದದ್ದು ಸಾವಿರಾರು ಜನರದ್ದು. ನನ್ನ ಮಾಹಿತಿ ಅಂತ ನಾನು ಹಂಚುವುದರಲ್ಲಿ ಬೇರೆಯವರದ್ದೇ ಜಾಸ್ತಿ ಇರುತ್ತದೆ.

ಕಾನೂನು ಎಷ್ಟು ಕಾಯುತ್ತದೆ ಅಂತ ನೋಡಿದೆ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಹೇಳಿದರು. ಆ ಪ್ರಕರಣ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮಾಹಿತಿ ರಕ್ಷಣೆಯ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ನನ್ನ ಮಾಹಿತಿ ಅಳಿಸಿ ಅಂತ ಕೇಳುವ ಹಕ್ಕು ಅದರಲ್ಲಿದೆ. ಆದರೆ 2019ರ ಮಸೂದೆಯಲ್ಲಿ ನಮ್ಮ ಮಾಹಿತಿಯನ್ನು ಬೇರೆ ಕಡೆಗೆ ಒಯ್ಯುವ ಹಕ್ಕೂ ಇತ್ತು, 2023ರ ಕಾಯ್ದೆಯಲ್ಲಿ ಅದನ್ನು ಬಿಟ್ಟುಬಿಟ್ಟರು. ಇದು ನನಗೆ ಬಹಳ ಬೇಸರದ ವಿಷಯ. ಮೊಬೈಲ್ ನಂಬರ್ ಇಟ್ಟುಕೊಂಡೇ ಕಂಪನಿ ಬದಲಾಯಿಸುವ ಸೌಲಭ್ಯ ಇರುವ ದೇಶದಲ್ಲಿ, ಎಂಟು ವರ್ಷದ ಫೋಟೊಗಳಿಗೆ ಅದು ಯಾಕಿಲ್ಲ?

ಇಷ್ಟೆಲ್ಲ ಇದ್ದೂ ಯಾಕೆ ಇಲ್ಲೇ ಇದ್ದೇನೆ ಅಂತ ಕೇಳಿದರೆ, ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಮಾಸ್ಟೊಡಾನ್‌ನಲ್ಲಿ ಫೋಟೊ ಹಾಕುವಾಗ, ಕಣ್ಣು ಕಾಣದವರಿಗಾಗಿ ಚಿತ್ರದಲ್ಲಿ ಏನಿದೆ ಅಂತ ಬರೆಯುವ ರೂಢಿ ಇದೆ. 1,500 ಅಕ್ಷರದವರೆಗೆ ಬರೆಯಬಹುದು. ಬರೆಯದಿದ್ದರೆ ಯಾರಾದರೂ ಬಂದು ಮೆಲ್ಲಗೆ ಕೇಳುತ್ತಾರೆ. ನಾನು ಕನ್ನಡದಲ್ಲೇ ಬರೆಯುತ್ತೇನೆ. ಚುಟ್ಟಿಯ ಸಾಲು ಹುಬ್ಬಿನಿಂದ ಗಲ್ಲದವರೆಗೆ ಹೇಗೆ ಇಳಿಯುತ್ತದೆ, ಗೆಜ್ಜೆ ಕಟ್ಟುವಾಗ ಕಾಲು ಎಲ್ಲಿ ಇಡುತ್ತಾರೆ, ಎಲ್ಲ. ಒಂದು ದಿನ ಒಬ್ಬರು ಉತ್ತರಿಸಿದರು. ಚಿಕ್ಕಂದಿನಿಂದ ಆಟ ಕೇಳಿದ್ದೇನೆ, ರಾಕ್ಷಸನ ಮುಖ ಒರಟಾಗಿರುತ್ತದೆ ಅಂತ ಇವತ್ತು ಗೊತ್ತಾಯಿತು, ಅದು ಹಿಟ್ಟಿನ ಮುಳ್ಳು ಅಂತ ನನಗೆ ಯಾರೂ ಹೇಳಿರಲಿಲ್ಲ, ಅಂತ. ಎಂಟು ವರ್ಷದಲ್ಲಿ ಸಾವಿರಗಟ್ಟಲೆ ಲೈಕ್ ಬಂದಿದ್ದವು. ಇಂಥ ಒಂದು ಉತ್ತರ ಬಂದಿರಲಿಲ್ಲ.

ಜನ ಕಡಿಮೆ. ಅಲ್ಲಿ ಹನ್ನೊಂದು ಸಾವಿರ ಜನ ಹಿಂಬಾಲಿಸುತ್ತಿದ್ದರು, ಇಲ್ಲಿ 410. ಕನ್ನಡದವರು ಇನ್ನೂ ಕಡಿಮೆ. ಮೇಳದ ಸುದ್ದಿ ಎಲ್ಲ ವಾಟ್ಸಾಪ್‌ನಲ್ಲೇ ಓಡುತ್ತದೆ, ಮನೆಯವರೂ ಅಲ್ಲೇ. ವ್ಯಾಪಾರಕ್ಕೆ ಪ್ರಚಾರ ಬೇಕಾದವರಿಗೆ ಮಾಸ್ಟೊಡಾನ್ ಸಾಲದು. ವರ್ಷಗಟ್ಟಲೆ ಕೂಡಿಟ್ಟದ್ದನ್ನು ಕಳೆದುಕೊಳ್ಳುವ ಭಯ ಇರುವವರು, ಪರಿಚಯದ ಮೂರ್ನಾಲ್ಕು ಜನ ಸಿಕ್ಕಿದರೆ ಖಂಡಿತ ಬನ್ನಿ. ಒಬ್ಬರೇ ಬರುವುದಾದರೆ ಸರ್ವರ್ ನಡೆಸುವವರು ಯಾರು, ಖರ್ಚು ಹೇಗೆ ಹೊಂದಿಸುತ್ತಾರೆ ಅಂತ ಮೊದಲು ಓದಿ, ಆಮೇಲೆ ಸೇರಿ. ತಿಂಗಳಿಗೊಮ್ಮೆ ನಿಮ್ಮ ಪೋಸ್ಟ್‌ಗಳನ್ನು ಇಳಿಸಿಕೊಳ್ಳಿ. ನಾನು ಸಂಕ್ರಮಣದ ದಿನ ಇಳಿಸುತ್ತೇನೆ, ಮರೆಯಬಾರದು ಅಂತ.

ಈ ಸಲದ ಮೇಳದ ತಿರುಗಾಟ ಶುರುವಾದ ಮೇಲೆ ಅದೇ ಕಲಾವಿದರ ಚೌಕಿಗೆ ಹೋಗಿದ್ದೆ. ಈಗ ಕ್ಯಾಮೆರಾ ಚೀಲದಿಂದ ತೆಗೆಯುವ ಮೊದಲೇ ಕೇಳುತ್ತೇನೆ. ಅವರು ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದರು: "ಕಿರೀಟ ಕಟ್ಟಿದ ಮೇಲೆ ತೆಗೀರಿ ಮಾರಾಯ್ರೆ." ಎರಡು ಗಂಟೆ ಕಾದೆ. ಆ ಫೋಟೊ ಈಗ ನಮ್ಮ ಸರ್ವರ್‌ನಲ್ಲಿದೆ, ವಿವರಣೆ ಸಮೇತ. ಹಾಕುವ ಮೊದಲು ಅವರಿಗೆ ಓದಿ ಹೇಳಿದ್ದೆ. ಒಂದು ಆಭರಣದ ಹೆಸರು ತಪ್ಪಾಗಿತ್ತು, ತಿದ್ದಿಸಿದರು.