ಗೋಕರ್ಣದ ಕಡಲಿಗೆ ಕಯಾಕ್ ಇಳಿಸುವ ಮುನ್ನ: ನಾವು ಕೇಳದೆ ಬಿಟ್ಟ ಪ್ರಶ್ನೆಗಳು

ಕಳೆದ ಜನವರಿಯಲ್ಲಿ ನಾನು ಮತ್ತು ನನ್ನ ತಂಗಿ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ, ಮಗುಚಿದ ಕಯಾಕನ್ನು (ಹುಟ್ಟು ಹಾಕಿ ನಡೆಸುವ ಕಿರುದೋಣಿಯನ್ನು) ಹಿಡಿದುಕೊಂಡು ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ನೀರಿನಲ್ಲಿದ್ದೆವು. ಬಲೆ ಬಿಡಲು ಹೊರಟಿದ್ದ ಮೀನುಗಾರರೊಬ್ಬರ ದೋಣಿ ಆ ದಾರಿಯಲ್ಲಿ ಬಂದದ್ದರಿಂದ ಈ ಬರಹ ಬರೆಯಲು ಉಳಿದಿದ್ದೇನೆ. ನಾವು ಹಣ ಕೊಟ್ಟು, ಮಾರ್ಗದರ್ಶಕರ ಜತೆಯಲ್ಲಿ, ಲೈಫ್ ಜಾಕೆಟ್ ತೊಟ್ಟುಕೊಂಡೇ ಹೋಗಿದ್ದೆವು. ಇಂಥ ಪ್ರವಾಸಕ್ಕೆ ಹೆಸರು ಕೊಟ್ಟಿರುವವರು ಹೊರಡುವ ಮೊದಲು ಇದನ್ನು ಪೂರ್ತಿ ಓದಬೇಕೆಂದು ಕೇಳಿಕೊಳ್ಳುತ್ತೇನೆ.

2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದ ಕಡಲತೀರದಲ್ಲಿ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದ ಸುದ್ದಿ ಓದಿದಾಗ ನನ್ನ ಎದೆ ಒಡೆದಿತ್ತು. ಆದರೆ ಅದು ನಮಗೂ ಸಂಬಂಧಿಸಿದ ಮಾತು ಎಂದು ಅನ್ನಿಸಿರಲಿಲ್ಲ. ನಮ್ಮ ಜತೆ ಕಡಲು ಬಲ್ಲವರು ಇರುತ್ತಾರಲ್ಲ ಎಂಬ ಧೈರ್ಯ. ಎರಡು ಹಗಲು, ಒಂದು ರಾತ್ರಿ. ಓಂ ಬೀಚಿನಿಂದ ಹೊರಟು ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ದಾಟಿ, ಅಳಿವೆಯ ಆಚೆ ದಡದಲ್ಲಿ ಡೇರೆ ಹಾಕಿ ಮಲಗುವುದು. ಐದಾರು ಕಿಲೋಮೀಟರ್ ಹುಟ್ಟು ಹಾಕಿದರೆ ಸಾಕು, ಅನುಭವ ಬೇಕಿಲ್ಲ, ಈಜು ಬಾರದಿದ್ದರೂ ಅಡ್ಡಿಯಿಲ್ಲ, ಉಳಿದದ್ದೆಲ್ಲ ನಾವೇ ನೋಡಿಕೊಳ್ಳುತ್ತೇವೆ ಎಂದು ಸಂಘಟಕರು ಹೇಳಿದ್ದರು. ತಲೆಗೆ ಆರೂವರೆ ಸಾವಿರ ರೂಪಾಯಿ. ನಾನು ಬಟ್ಟೆ, ಟಾರ್ಚು, ಸನ್‌ಸ್ಕ್ರೀನುಗಳ ಪಟ್ಟಿ ಮಾಡಿಕೊಂಡು ಅದನ್ನೇ ಸಿದ್ಧತೆ ಎಂದುಕೊಂಡೆ.

ಬೆಳಿಗ್ಗೆ ಏಳಕ್ಕೆ ನೀರಿಗಿಳಿಯಬೇಕಿತ್ತು. ಬಸ್ಸು ತಡವಾಯಿತು, ತಿಂಡಿ ತಡವಾಯಿತು, ಕಯಾಕ್ ಹೊತ್ತ ವಾಹನ ಇನ್ನೂ ತಡವಾಯಿತು. ಹೊರಟಾಗ ಮಧ್ಯಾಹ್ನ ಒಂದು ಗಂಟೆ. ನಮ್ಮ ಕರಾವಳಿಯಲ್ಲಿ ಚಳಿಗಾಲದ ಬೆಳಗಿನ ಹೊತ್ತು ನೆಲದ ಕಡೆಯಿಂದ ಮೆಲುಗಾಳಿ ಇರುತ್ತದೆ, ಕಡಲು ತಟ್ಟೆಯಂತೆ ಮಲಗಿರುತ್ತದೆ. ಬಿಸಿಲೇರಿದಂತೆ ಗಾಳಿ ತಿರುಗಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಜೋರಾಗಿ ಬೀಸತೊಡಗುತ್ತದೆ. ಏಳು ಗಂಟೆಯ ಕಡಲೂ ಒಂದು ಗಂಟೆಯ ಕಡಲೂ ಒಂದೇ ಅಲ್ಲ. ಹೊರಡುವುದು ಆರು ತಾಸು ತಡವಾದರೆ ಅದು ಬೇರೆಯೇ ಪ್ರವಾಸ ಎಂಬುದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ತರಬೇತಿ ಹತ್ತು ನಿಮಿಷದ್ದು, ಮರಳಿನ ಮೇಲೆ ನಿಂತು. ಹುಟ್ಟು ಹಿಡಿಯುವುದು ಹೀಗೆ, ತಿರುಗಿಸುವುದು ಹೀಗೆ. ಕಯಾಕ್ ಮಗುಚಿದರೆ ಏನು ಮಾಡಬೇಕು ಎಂದು ತಂಗಿ ಕೇಳಿದಳು. "ಇದು ಮಗುಚುವ ಬಗೆಯದಲ್ಲ ಮೇಡಂ, ಹೆದರಬೇಡಿ" ಎಂದ ತರಬೇತಿ ಕೊಡುತ್ತಿದ್ದ ಮಾರ್ಗದರ್ಶಕ ಹುಡುಗ. ಪಾಪ, ಅವನಿಗೂ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿರಬಹುದು. ಇಬ್ಬರು ಮಾರ್ಗದರ್ಶಕರು ಎಂದಿದ್ದರು. ಎರಡನೆಯವರು ಡೇರೆ, ಪಾತ್ರೆಗಳ ಜತೆ ವಾಹನದಲ್ಲಿ ರಸ್ತೆ ಹಿಡಿದು ಹೋದರು. ನೀರಿನ ಮೇಲೆ ಎಂಟು ಮಂದಿ ಹೊಸಬರಿಗೆ ಅವನೊಬ್ಬನೇ.

ಲೈಫ್ ಜಾಕೆಟ್ಟಿನ ಬಗ್ಗೆ ಬಿಡಿಸಿ ಹೇಳಬೇಕು. ತಂಗಿಗೆ ಸಿಕ್ಕಿದ್ದು ಕಿತ್ತಳೆ ಬಣ್ಣ ಮಾಸಿ ಹಳದಿಗೆ ತಿರುಗಿದ್ದ ಜಾಕೆಟ್ಟು. ಮೂರು ಬಕಲ್‌ಗಳಲ್ಲಿ ನಡುವಿನದು ಮುರಿದಿತ್ತು. ಅದರ ಜಾಗದಲ್ಲಿ ನೀಲಿ ಪ್ಲಾಸ್ಟಿಕ್ ಹಗ್ಗದ ತುಂಡೊಂದನ್ನು ಗಂಟು ಹಾಕಿದ್ದರು. ಒಳಗಿನ ಫೋಮನ್ನು ಬೆರಳಿನಿಂದ ಒತ್ತಿದರೆ ಒತ್ತಿದ ಗುರುತು ಹಾಗೆಯೇ ಉಳಿಯುತ್ತಿತ್ತು. ಅವಳು ಸಣ್ಣ ಮೈಯವಳು, ಜಾಕೆಟ್ಟು ದೊಡ್ಡವರದು. ನೀರಿಗೆ ಬಿದ್ದ ಕ್ಷಣ ಅದು ಮೇಲಕ್ಕೆ ಜಾರಿ ಅವಳ ಕಿವಿ, ಗಲ್ಲ ಮುಚ್ಚಿಕೊಂಡಿತು. ಕತ್ತು ತಿರುಗಿಸಲೂ ಅವಳಿಗೆ ಆಗುತ್ತಿರಲಿಲ್ಲ. ದಡದಲ್ಲಿರುವಾಗಲೇ ಬಕಲ್‌ಗಳನ್ನೆಲ್ಲ ಬಿಗಿದು, ಜತೆಯವರಿಂದ ಭುಜದ ಪಟ್ಟಿಗಳನ್ನು ಮೇಲಕ್ಕೆ ಎಳೆಸಿ ನೋಡಿ. ಜಾಕೆಟ್ಟು ಕಿವಿಯವರೆಗೆ ಬಂದರೆ ಅದು ನಿಮ್ಮದಲ್ಲ, ಬೇರೆ ಕೊಡಿ ಎನ್ನಿ. ಬೇರೆ ಇಲ್ಲ ಎಂದರೆ ನೀರಿಗಿಳಿಯಬೇಡಿ. ಜಾಕೆಟ್ಟಿಗೆ ಸೀಟಿ ಕಟ್ಟಿರಬೇಕು. ನಮ್ಮ ಯಾವ ಜಾಕೆಟ್ಟಿನಲ್ಲೂ ಸೀಟಿ ಇರಲಿಲ್ಲ. ಅದರ ಬೆಲೆ ಮುಂದೆ ತಿಳಿಯಿತು.

ಆ ದಿನ ಅಮಾವಾಸ್ಯೆ. ಮನೆಯ ಕ್ಯಾಲೆಂಡರಿನಲ್ಲಿ ಕಪ್ಪು ಚುಕ್ಕಿ ಇದ್ದದ್ದನ್ನು ನೋಡಿಯೂ ಇದ್ದೆ. ಕಡಲಿಗೂ ಅದಕ್ಕೂ ಏನು ಸಂಬಂಧ ಎಂದು ಶಾಲೆಯಲ್ಲಿ ಓದಿದ್ದು ನೆನಪಿಗೆ ಬರಲಿಲ್ಲ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಉಬ್ಬರ ಹೆಚ್ಚು ಏರುತ್ತದೆ, ಇಳಿತ ಹೆಚ್ಚು ಇಳಿಯುತ್ತದೆ. ಉತ್ತರ ಕನ್ನಡದ ಈ ಭಾಗದಲ್ಲಿ ಆ ದಿನಗಳಂದು ಹೆಚ್ಚು ಕಡಿಮೆ ಬೆಳಿಗ್ಗೆ ಹನ್ನೊಂದಕ್ಕೂ ರಾತ್ರಿ ಹನ್ನೊಂದಕ್ಕೂ ನೀರು ತುಂಬುತ್ತದೆ. ಸಂಜೆ ಐದರ ಹೊತ್ತಿಗೆ ತಳ ಮುಟ್ಟುತ್ತದೆ. ಮರುದಿನ ಸುಮಾರು ಐವತ್ತು ನಿಮಿಷ ತಡ, ಅದರ ಮರುದಿನ ಇನ್ನೂ ಐವತ್ತು. ಅಷ್ಟಮಿಯ ಆಸುಪಾಸಿನಲ್ಲಿ ಏರಿಳಿತ ಎರಡೂ ಸೌಮ್ಯ. ಇದು ಅಂದಾಜು ಮಾತ್ರ. ಹೊರಡುವ ದಿನದ ಉಬ್ಬರವಿಳಿತದ ಪಟ್ಟಿಯನ್ನೇ ನೋಡಬೇಕು.

ಅಘನಾಶಿನಿಗೆ ಅಣೆಕಟ್ಟಿಲ್ಲ. ಉಬ್ಬರದಲ್ಲಿ ಗಜನಿ ಎಂಬ ಉಪ್ಪುನೀರಿನ ಗದ್ದೆಗಳ ಅಂಚಿನವರೆಗೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬುಡದವರೆಗೆ ಒಳನುಗ್ಗಿದ ಕಡಲ ನೀರು, ಹೊಳೆಯ ನೀರಿನೊಡನೆ ಸೇರಿ ಆರು ತಾಸಿನಲ್ಲಿ ಅಳಿವೆಯ ಕಿರುಬಾಯಿಯಿಂದಲೇ ಹೊರಗೆ ಹೋಗಬೇಕು. ನಾವು ಅಲ್ಲಿಗೆ ತಲುಪಿದ್ದು ಸರಿಯಾಗಿ ಇಳಿತದ ನಡುವಿನಲ್ಲಿ, ಎರಡೂವರೆಯ ಸುಮಾರಿಗೆ. ಹೊಳೆ ಹೊರಕ್ಕೆ ತಳ್ಳುತ್ತಿತ್ತು, ಗಾಳಿ ಒಳಕ್ಕೆ. ಎರಡೂ ಎದುರುಬದುರಾಗುವ ಜಾಗದಲ್ಲಿ ಅಲೆಗಳು ಸಾಗಿ ಹೋಗುವುದಿಲ್ಲ, ನಿಂತಲ್ಲೇ ಎದ್ದು ಬೀಳುತ್ತವೆ. ಮೊದಲ ಅಲೆ ಎದೆಗೆ ಬಡಿಯಿತು, ಎರಡನೆಯದು ಪಕ್ಕದಿಂದ. ಹಿಂಭಾಗದಲ್ಲಿ ಎತ್ತರಕ್ಕೆ ಕಟ್ಟಿದ್ದ ಚೀಲಗಳ ಭಾರಕ್ಕೆ ಕಯಾಕ್ ವಾಲಿ ಮಗುಚಿತು.

ನೀರಿನಿಂದ ಮೇಲೆ ಬಂದಾಗ ನನ್ನ ಕೈಯಲ್ಲಿ ಹುಟ್ಟು ಇರಲಿಲ್ಲ. "ಅಕ್ಕಾ, ದೋಣಿ ಬಿಡಬೇಡ" ಎಂದು ತಂಗಿ ಕೂಗಿದ್ದು ಕೇಳಿ ಹಗ್ಗ ಹಿಡಿದೆ. ಕಯಾಕನ್ನು ಇಬ್ಬರೂ ಸೇರಿ ಒಮ್ಮೆ ನೆಟ್ಟಗೆ ಮಾಡಿದೆವು. ಹತ್ತಲು ಹೋದಾಗ ಮತ್ತೆ ನಮ್ಮ ಮೇಲೆಯೇ ಬಿತ್ತು. ಮೂರು ಸಲ ಹೀಗಾದ ಮೇಲೆ ತೋಳಿನಲ್ಲಿ ಕಸುವು ಉಳಿಯಲಿಲ್ಲ. ಮಾರ್ಗದರ್ಶಕ ಮುಂದಿದ್ದ ಮೂರು ಕಯಾಕ್‌ಗಳ ಜತೆ ಬಹಳ ದೂರ ಹೋಗಿದ್ದ. ಗಾಳಿಗೆ ನಮ್ಮ ಕೂಗು ಅವನಿಗೆ ಕೇಳಲೇ ಇಲ್ಲ. ತದಡಿಯ ಕಡೆಯ ಗುಡ್ಡ ನೋಡನೋಡುತ್ತಿದ್ದಂತೆ ಸಣ್ಣದಾಗುತ್ತಿತ್ತು, ಅಂದರೆ ನಾವು ಹೊರಗಿನ ಕಡಲಿಗೆ ಹೋಗುತ್ತಿದ್ದೆವು.

ನಮ್ಮನ್ನು ತಮ್ಮ ದೋಣಿಗೆ ಎಳೆದುಕೊಂಡ ಆ ಹಿರಿಯ ಮೀನುಗಾರರು ಮೊದಲು ತಂಗಿಯ ಕತ್ತಿನಿಂದ ಜಾಕೆಟ್ಟನ್ನು ಬಿಡಿಸಿದರು. ಆಮೇಲೆ, "ಅಮಾವಾಸ್ಯೆಯ ಇಳಿತದಲ್ಲಿ ಯಾರಾದರೂ ಅಳಿವೆಗೆ ಬರುತ್ತಾರೆಯೇ ತಂಗೀ? ನಾವೇ ನೀರು ನಿಲ್ಲುವವರೆಗೆ ಕಾಯುತ್ತೇವೆ" ಎಂದರು. ಬೈಗುಳವಿರಲಿಲ್ಲ, ಸಂಕಟವಿತ್ತು. ಡೀಸೆಲ್ಲಿಗೆಂದು ಹಣ ಕೊಡಲು ಹೋದರೆ ಮುಟ್ಟಲಿಲ್ಲ.

ಮಗುಚಿದ ಕಯಾಕನ್ನು ಹತ್ತುವುದು ಕಲಿಯಬಹುದಾದ ವಿದ್ಯೆ. ಮೊದಲು ಅದನ್ನು ನೆಟ್ಟಗೆ ಮಾಡಿ, ಒಬ್ಬರು ಆ ಕಡೆಯಿಂದ ಭಾರ ಕೊಟ್ಟು ಹಿಡಿಯಬೇಕು. ಇನ್ನೊಬ್ಬರು ಈ ಕಡೆಯಿಂದ ಕಾಲು ಬಡಿಯುತ್ತ ಮೈಯನ್ನು ನೀರಿನ ಮಟ್ಟಕ್ಕೆ ತಂದು, ಹೊಟ್ಟೆಯ ಮೇಲೆ ಅಡ್ಡಲಾಗಿ ಜಾರಿ, ಆಮೇಲೆ ಹೊರಳಿ ಕೂರಬೇಕು. ನಿಂತಂತೆ ಹತ್ತಲು ಹೋದರೆ ಅದು ಮಗುಚಿಯೇ ಮಗುಚುತ್ತದೆ. ಇದನ್ನು ಸೊಂಟಮಟ್ಟದ ಶಾಂತ ನೀರಿನಲ್ಲಿ ಪ್ರತಿಯೊಬ್ಬರಿಂದಲೂ ಎರಡು ಸಲವಾದರೂ ಮಾಡಿಸದೆ ಕಡಲಿಗೆ ಕರೆದೊಯ್ಯುವವರ ಜತೆ ದಯವಿಟ್ಟು ಹೋಗಬೇಡಿ. ನಾನು ಹೇಳುವುದರಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಅಂದು ಅಲ್ಲಿಗೇ ಮನೆಗೆ ಮರಳಬೇಕಿತ್ತು. ಮರಳಲಿಲ್ಲ; ಗುಂಪಿನ ಜತೆ ಉಳಿದೆವು. ಐದು ಗಂಟೆಗೆ ನೀರು ದೂರ ಸರಿದು ವಿಶಾಲವಾಗಿ ಬಿಚ್ಚಿಕೊಂಡಿದ್ದ ಮರಳಿನ ಮೇಲೆ ಡೇರೆ ಹಾಕಿದರು. ರಾತ್ರಿ ಹತ್ತೂವರೆಗೆ ಬೆನ್ನಿಗೆ ತಣ್ಣಗಾಗಿ ಎಚ್ಚರವಾಯಿತು, ಡೇರೆಯೊಳಗೆ ನೀರು. ಬೆಳಿಗ್ಗೆ ನೋಡಿದರೆ ಗುರುತು ಕಣ್ಣೆದುರೇ ಇತ್ತು: ಗಾಳಿಮರದ ಒಣ ಎಲೆ, ಏಡಿಯ ಚಿಪ್ಪು, ಬಾಟಲಿ ಮುಚ್ಚಳಗಳು ಒಂದೇ ಗೆರೆಯಲ್ಲಿ ಸಾಲಾಗಿ ಬಿದ್ದಿದ್ದವು. ನೀರು ಬರುವುದು ಅಲ್ಲಿಯವರೆಗೆ. ನಮ್ಮ ಡೇರೆಗಳು ಆ ಗೆರೆಗಿಂತ ಎಂಟು ಹೆಜ್ಜೆ ಕೆಳಗಿದ್ದವು. ಕಡಲ ದಡದ ಮರಳಿನಲ್ಲಿ ಬೆಳೆಯುವ ಅಡುಂಬು ಬಳ್ಳಿ ಹಬ್ಬಿರುವ ಜಾಗಕ್ಕಿಂತ ಮೇಲೆ ಮಲಗಬೇಕು, ಬಳ್ಳಿಯನ್ನು ತುಳಿಯದೆ. ಅಲ್ಲಿ ರಾತ್ರಿ ತಂಗಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿ, ನಾವು ಕೇಳಿರಲಿಲ್ಲ.

ಒಣ ಬಟ್ಟೆ ಒಂದೂ ಉಳಿದಿರಲಿಲ್ಲ. ನೀರು ಒಳಹೋಗದಂತೆ ಮಾಡಿದ ಡ್ರೈ ಬ್ಯಾಗಿನ ಬಾಯನ್ನು ಗಾಳಿ ಹಿಂಡಿ ತೆಗೆದು ಕನಿಷ್ಠ ಮೂರು ಸುತ್ತು ಮಡಿಚಬೇಕು. ನಾನು ಒಂದೇ ಸುತ್ತು ಮಡಿಚಿದ್ದೆ. ಕರಾವಳಿಯ ಸೆಕೆಯಲ್ಲಿ ಚಳಿ ಎಲ್ಲಿಂದ ಎನ್ನಬೇಡಿ. ಒದ್ದೆ ಜೀನ್ಸ್‌ನಲ್ಲಿ, ಬೆಳಗಿನ ಜಾವದ ನೆಲಗಾಳಿಗೆ ತಂಗಿಯ ಹಲ್ಲು ಕಟಕಟ ಎನ್ನುತ್ತಿತ್ತು. ಬೇಗ ಒಣಗುವ ಉದ್ದ ತೋಳಿನ ಬಟ್ಟೆ ಬೇಕು, ಜೀನ್ಸ್ ಬೇಡವೇ ಬೇಡ. ಕುಡಿಯುವ ನೀರು ಒಂಬತ್ತು ಮಂದಿಗೆ, ಅಡುಗೆಯೂ ಸೇರಿ, ಇಪ್ಪತ್ತು ಲೀಟರಿನ ಒಂದು ಕ್ಯಾನು. ದಿನಕ್ಕೆ ತಲೆಗೆ ನಾಲ್ಕು ಲೀಟರ್ ಲೆಕ್ಕ ಹಾಕಿ, ಜತೆಗೆ ಓಆರ್‌ಎಸ್ ಪೊಟ್ಟಣಗಳು.

ಹಿಂದಿರುಗಿದ ಮೇಲೆ ಸಂಘಟಕರು ನಾವು ಬಸ್ಸಿನಲ್ಲಿ ಕುಳಿತು ಮೊಬೈಲಿನಲ್ಲಿ ಒಪ್ಪಿಗೆ ಒತ್ತಿದ್ದ ಪತ್ರವನ್ನು ತೋರಿಸಿದರು: ಏನೇ ಆದರೂ ಹೊಣೆ ಪ್ರವಾಸಕ್ಕೆ ಬಂದವರದ್ದೇ ಎಂದಿತ್ತು. ಬಹಳ ಜಗ್ಗಾಡಿದ ಮೇಲೆ ಅರ್ಧ ಹಣ ಬಂತು. ನನಗೆ ಸಿಟ್ಟಿರುವುದು ಹಣದ ಬಗ್ಗೆ ಅಲ್ಲ. ಅದೇ ಜಾಕೆಟ್ಟುಗಳನ್ನು ಮುಂದಿನ ವಾರ ಇನ್ನೊಂದು ಗುಂಪಿಗೆ ಕೊಟ್ಟಿರುತ್ತಾರೆ ಎಂಬುದರ ಬಗ್ಗೆ.

ಹಣ ಕಟ್ಟುವ ಮುನ್ನ ಫೋನ್ ಮಾಡಿ ಕೇಳಿ. ಆ ದಿನ ಉಬ್ಬರ ಎಷ್ಟು ಹೊತ್ತಿಗೆ, ಅಳಿವೆ ದಾಟುವುದು ಎಷ್ಟು ಹೊತ್ತಿಗೆ? ನೀರಿನ ಮೇಲೆ ಎಷ್ಟು ಮಂದಿ ಮಾರ್ಗದರ್ಶಕರು, ಕೊನೆಯ ಕಯಾಕಿನ ಹಿಂದೆ ಯಾರು ಬರುತ್ತಾರೆ? ಹೊರಡುವುದು ತಡವಾದರೆ ಪ್ರವಾಸ ಬದಲಿಸುತ್ತೀರಾ, ರದ್ದು ಮಾಡುತ್ತೀರಾ? ಹೈದರಾಬಾದಿನ ಇನ್‌ಕಾಯ್ಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಎತ್ತರದ ಅಲೆಗಳ ಮುನ್ನೆಚ್ಚರಿಕೆ ಕೊಡುತ್ತದೆ, ಅದನ್ನು ನೋಡುತ್ತೀರಾ? ಮರಳುವ ಹೊತ್ತನ್ನು ಮನೆಯವರೊಬ್ಬರಿಗೆ ಬರೆದುಕೊಡಿ. ಜತೆಗೆ 112, ಕರಾವಳಿ ಕಾವಲು ಪಡೆಯ 1554, ಈ ಎರಡು ಸಂಖ್ಯೆಗಳನ್ನೂ.

ಇದನ್ನು ಈಗಲೇ ಬರೆಯಲು ಕಾರಣವಿದೆ. ಶಿವರಾತ್ರಿಗೆ ಗೋಕರ್ಣಕ್ಕೆ ಜನ ಕಿಕ್ಕಿರಿದು ಬರುತ್ತಾರೆ, ಆ ರಜೆಗೆಂದೇ ಇಂಥ ಪ್ರವಾಸಗಳೂ ಏರ್ಪಡುತ್ತವೆ. ಶಿವರಾತ್ರಿ ಬರುವುದು ಬಹುಳ ಚತುರ್ದಶಿಯಂದು. ಮರುದಿನ ಅಮಾವಾಸ್ಯೆ.